ಮೂಸೆಯಿಂದ ತಪ್ಪಿಸಿಕೊಂಡ ಚಿನ್ನ

(ನಾಣ್ಯಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

1822ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಿಂದ ಐದು ಡಾಲರಿನ 17,796 ಚಿನ್ನದ ನಾಣ್ಯಗಳು ಹೊರಬಂದವು ಎಂದು ದಫ್ತರ ಹೇಳುತ್ತದೆ. ಹಿಂದಿನ ವರ್ಷದ ಅಚ್ಚಿನಿಂದ ಹೊಡೆದವೂ ಆ ಲೆಕ್ಕದಲ್ಲಿ ಸೇರಿರಬಹುದು, ಇರಲಿ. ಇವತ್ತು 1822 ಎಂಬ ಇಸವಿ ಹೊತ್ತು ಉಳಿದಿರುವುದು ಮೂರೇ ಮೂರು. ಎರಡು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ, ಅವು ಮಾರಾಟಕ್ಕೆ ಬರುವ ಮಾತೇ ಇಲ್ಲ. ಮೂರನೆಯದು 1982ರಲ್ಲಿ 6,87,500 ಡಾಲರಿಗೆ ಹರಾಜಾಯಿತು. ಅದೇ ನಾಣ್ಯ 2021ರ ಮಾರ್ಚಿನಲ್ಲಿ ಮತ್ತೆ ಹರಾಜಿಗೆ ಬಂದಾಗ 84 ಲಕ್ಷ ಡಾಲರ್ ತಂದಿತು.

ಹಾಗಾದರೆ ಮಿಕ್ಕ ಹದಿನೇಳು ಸಾವಿರ ಚಿಲ್ಲರೆ ನಾಣ್ಯಗಳು ಏನಾದವು? ಕಳೆದುಹೋಗಲಿಲ್ಲ, ಸವೆದು ಹೋಗಲಿಲ್ಲ. ಮೂಸೆಗೆ ಹೋದವು.

ಅಮೆರಿಕದ ಹತ್ತೊಂಬತ್ತನೆಯ ಶತಮಾನದ ಚಿನ್ನದ ನಾಣ್ಯಗಳನ್ನು ಸಂಗ್ರಹಿಸಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಎಷ್ಟು ಟಂಕಿಸಿದ್ದರು ಎಂಬುದು. ಮಾರುವವರೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾರೆ. ಆ ಅಂಕಿಯಿಂದ ನಮಗೆ ಆಗುವ ಉಪಯೋಗ ತೀರಾ ಕಡಿಮೆ. ಬೆಳ್ಳಿ, ತಾಮ್ರದ ನಾಣ್ಯಗಳಲ್ಲಿ ಅದಕ್ಕೆ ಅಷ್ಟಿಷ್ಟು ಬೆಲೆ ಉಂಟು. ಚಿನ್ನದಲ್ಲಿ ಕೇಳಬೇಕಾದದ್ದು ಎಷ್ಟು ಕರಗಿತು, ಉಳಿದದ್ದು ಯಾರ ದಯೆಯಿಂದ ಉಳಿಯಿತು ಎಂದು. ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಹೆಸರುಗಳನ್ನು ಹೇಳಿಬಿಡುತ್ತೇನೆ. ಹತ್ತು ಡಾಲರಿನ ನಾಣ್ಯ ಈಗಲ್. ಐದರದು ಹಾಫ್ ಈಗಲ್, ಎರಡೂವರೆಯದು ಕ್ವಾರ್ಟರ್ ಈಗಲ್. ಇವು ಮೂರೂ 1792ರ ನಾಣ್ಯ ಕಾನೂನಿನಲ್ಲೇ ಇದ್ದವು. ಒಂದು ಡಾಲರಿನ ಪುಟಾಣಿ ಚಿನ್ನದ ನಾಣ್ಯ ಮತ್ತು ಇಪ್ಪತ್ತು ಡಾಲರಿನ ಡಬಲ್ ಈಗಲ್ ಬಂದದ್ದು ಕ್ಯಾಲಿಫೋರ್ನಿಯಾದ ಚಿನ್ನ ಸಿಕ್ಕ ಮೇಲೆ, 1849ರ ಕಾನೂನಿನಿಂದ. ಮೂರು ಡಾಲರಿನದೊಂದು 1854ರಿಂದ 1889ರವರೆಗೆ ಇತ್ತು. ಅದು ಯಾರಿಗೆ ಬೇಕಾಗಿತ್ತೋ ನನಗಂತೂ ಇನ್ನೂ ಅರ್ಥವಾಗಿಲ್ಲ.

ಈಗ ಮೂಸೆಯ ಕಥೆಗೆ ಬರೋಣ. 1792ರ ಕಾನೂನು ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ ಸಮ ಎಂದು ಗೊತ್ತುಮಾಡಿತು. ಫ್ರಾನ್ಸ್ 1803ರಲ್ಲಿ ಹದಿನೈದೂವರೆ ಎಂದಿತು. ಅರ್ಧ ತೂಕದ ವ್ಯತ್ಯಾಸವೇನು ಮಹಾ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಹದಿನೈದು ಕಿಲೋ ಬೆಳ್ಳಿಯ ನಾಣ್ಯ ಕೊಟ್ಟು ಒಂದು ಕಿಲೋ ಚಿನ್ನ ತೆಗೆದುಕೊಂಡು, ಹಡಗು ಹತ್ತಿಸಿ, ಪ್ಯಾರಿಸಿನ ಚಿನಿವಾರ ಪೇಟೆಯಲ್ಲಿ ಮಾರಿದರೆ ಹದಿನೈದೂವರೆ ಕಿಲೋ ಬೆಳ್ಳಿ ಕೈಗೆ ಬರುತ್ತದೆ. ನೂರಕ್ಕೆ ಮೂರರಷ್ಟು ಲಾಭ. ಹಡಗಿನ ಬಾಡಿಗೆ, ವಿಮೆ ಕಳೆದರೂ ದೊಡ್ಡ ಮೊತ್ತದಲ್ಲಿ ಮಾಡುವವನಿಗೆ ಚೆನ್ನಾಗಿಯೇ ಗಿಟ್ಟುತ್ತಿತ್ತು. ನೆಪೋಲಿಯನ್ ಯುದ್ಧಗಳು ಮುಗಿದು ಬ್ರಿಟನ್ ಚಿನ್ನದ ಹಣಕ್ಕೆ ಕಟ್ಟುಬಿದ್ದ ಮೇಲಂತೂ ಯುರೋಪಿನ ಹಸಿವು ಇನ್ನೂ ಹೆಚ್ಚಿತು. ಹತ್ತು ಡಾಲರಿನ ನಾಣ್ಯಗಳನ್ನು ಹೊಡೆದಷ್ಟೂ ದೇಶ ಬಿಟ್ಟು ಹೋಗುತ್ತವೆ ಎಂದು 1804ರಲ್ಲೇ ಅವುಗಳ ಟಂಕಣ ನಿಲ್ಲಿಸಿದರು. ಮತ್ತೆ ಆರಂಭಿಸಿದ್ದು 1838ರಲ್ಲಿ.

ನಡುವೆ ಒಂದು ತಮಾಷೆ ನಡೆಯಿತು. ಸಯಾಮಿನ ರಾಜನಿಗೂ ಮಸ್ಕತ್ತಿನ ಸುಲ್ತಾನನಿಗೂ ಉಡುಗೊರೆ ಕೊಡಲು 1834ರಲ್ಲಿ ಅಮೆರಿಕ ಸರ್ಕಾರಕ್ಕೆ ನಾಣ್ಯಗಳ ಪೂರ್ತಿ ಜೋಡಣೆ ಬೇಕಾಯಿತು. ಹತ್ತು ಡಾಲರಿನದು ಕೊನೆಗೆ ಟಂಕಿಸಿದ್ದು 1804ರಲ್ಲಿ ಎಂದು ದಫ್ತರ ನೋಡಿ, 1804 ಎಂದೇ ಇಸವಿ ಹಾಕಿ, ಮೂವತ್ತು ವರ್ಷಗಳ ನಂತರ ಕೆಲವನ್ನು ಹೊಸದಾಗಿ ಹೊಡೆದರು. ಇದನ್ನೇ ನೀವೋ ನಾನೋ ಮಾಡಿದ್ದರೆ ಜೈಲು.

ಹಾಫ್ ಈಗಲ್‌ಗಳ ಗತಿಗೆ ಮುದ್ರೆ ಬಿದ್ದದ್ದು ಅದೇ 1834ರಲ್ಲಿ. ಚಿನ್ನದ ನಾಣ್ಯದ ತೂಕವನ್ನು ಕಾನೂನು ಇಳಿಸಿತು. ಐದು ಡಾಲರಿನದು 8.75 ಗ್ರಾಮಿನಿಂದ 8.36 ಗ್ರಾಮಿಗೆ ಬಂತು, ಶುದ್ಧತೆಯೂ ಸ್ವಲ್ಪ ತಗ್ಗಿತು. ಅಂದರೆ ನಿಮ್ಮ ಪೆಟ್ಟಿಗೆಯಲ್ಲಿದ್ದ ಹಳೆಯ ಐದು ಡಾಲರಿನ ನಾಣ್ಯದಲ್ಲಿ ಈಗ ಸುಮಾರು ಐದು ಡಾಲರ್ ಮೂವತ್ತಮೂರು ಸೆಂಟಿನ ಚಿನ್ನ. ಯಾರು ತಾನೇ ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತಾರೆ? ಯುರೋಪಿಗೆ ಹೋಗದೆ ಉಳಿದಿದ್ದವೂ ಟಂಕಸಾಲೆಗೇ ಬಂದು, ಕರಗಿ, ಹೊಸ ನಾಣ್ಯಗಳಾದವು. 1795ರಿಂದ 1834ರವರೆಗಿನ ಅಮೆರಿಕದ ಚಿನ್ನವೆಲ್ಲ ಒಟ್ಟಾರೆ ವಿರಳವಾಗಿರುವುದಕ್ಕೆ ಕಾರಣ ಇಷ್ಟೇ. ಅದರಲ್ಲಿ ನಿಗೂಢವೇನೂ ಇಲ್ಲ, ಲೆಕ್ಕ ಬಲ್ಲ ವ್ಯಾಪಾರಿಗಳ ಕೆಲಸ ಅದು.

ಎರಡನೆಯ ಕಾರಣ ಬೇರೆ ಬಗೆಯದು: ಯಾರೂ ತೆಗೆದಿಡಲಿಲ್ಲ. ಆ ಕಾಲದಲ್ಲೂ ಅಮೆರಿಕದಲ್ಲಿ ನಾಣ್ಯ ಸಂಗ್ರಾಹಕರಿದ್ದರು. ಆದರೆ ಅವರಿಗೆ ಬೇಕಿದ್ದದ್ದು ವರ್ಷಕ್ಕೊಂದು ನಾಣ್ಯ. ಫಿಲಡೆಲ್ಫಿಯಾದಿಂದ ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯ ತರಿಸಿಕೊಂಡರೆ ಆ ವರ್ಷದ ಕೆಲಸ ಮುಗಿಯಿತು. ನಾಣ್ಯದ ಮೇಲಿನ ಹದ್ದಿನ ಕೆಳಗೆ ಯಾವ ಟಂಕಸಾಲೆಯದೆಂದು ತಿಳಿಸುವ ಚಿಕ್ಕ ಅಕ್ಷರ ಇರುತ್ತಿತ್ತಲ್ಲ, ಸಿ, ಡಿ, ಒ, ಎಸ್, ಅದರ ಕಡೆ ಕಣ್ಣು ಹಾಯಿಸಿದವರೇ ಕಡಿಮೆ. 1893ರಲ್ಲಿ ಆಗಸ್ಟಸ್ ಹೀಟನ್ ಎಂಬ ಚಿತ್ರಕಾರ ಒಂದು ಕಿರುಹೊತ್ತಗೆ ಬರೆದು, ಈ ಅಕ್ಷರಗಳ ಪ್ರಕಾರವೂ ನಾಣ್ಯ ಸಂಗ್ರಹಿಸಿ ಎಂದು ಕಾರಣ ಸಹಿತ ವಾದಿಸಿದ. ಅಷ್ಟು ಹೊತ್ತಿಗೆ ದಕ್ಷಿಣದ ಎರಡು ಟಂಕಸಾಲೆಗಳು ಮುಚ್ಚಿ ಮೂವತ್ತು ವರ್ಷ ಮೀರಿತ್ತು.

ಆ ಎರಡರ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ನನಗೆ ಅವು ಎಲ್ಲಕ್ಕಿಂತ ಇಷ್ಟ. ಉತ್ತರ ಕೆರೊಲಿನಾದಲ್ಲಿ 1799ರಲ್ಲಿ ಕಾನ್ರಾಡ್ ರೀಡ್ ಎಂಬ ಹುಡುಗನಿಗೆ ಹಳ್ಳದಲ್ಲಿ ಹಳದಿ ಕಲ್ಲೊಂದು ಸಿಕ್ಕಿತು. ಸುಮಾರು ಹದಿನೇಳು ಪೌಂಡ್ ತೂಕ. ಮನೆಯವರು ಮೂರು ವರ್ಷ ಅದನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದರು. ಕೊನೆಗೆ ಒಬ್ಬ ಒಡವೆ ವ್ಯಾಪಾರಿ ಮೂರೂವರೆ ಡಾಲರ್ ಕೊಟ್ಟು ಒಯ್ದ. ಅದು ಚಿನ್ನ ಎಂದು ರೀಡ್ ಕುಟುಂಬಕ್ಕೆ ಗೊತ್ತಾದದ್ದು ಆಮೇಲೆ. 1829ರ ಸುಮಾರಿಗೆ ಜಾರ್ಜಿಯಾದಲ್ಲೂ ಚಿನ್ನ ಸಿಕ್ಕಿತು. ಗಣಿಗಾರರು ಚಿನ್ನವನ್ನು ಫಿಲಡೆಲ್ಫಿಯಾದವರೆಗೆ ಹೊತ್ತೊಯ್ಯುವುದು ಕಷ್ಟ ಎಂದು 1835ರಲ್ಲಿ ಕಾನೂನು ಮಾಡಿ, ಉತ್ತರ ಕೆರೊಲಿನಾದ ಷಾರ್ಲೆಟ್‌ನಲ್ಲಿ, ಜಾರ್ಜಿಯಾದ ಡಲಾನೆಗದಲ್ಲಿ ಚಿನ್ನಕ್ಕಷ್ಟೇ ಮೀಸಲಾದ ಟಂಕಸಾಲೆಗಳನ್ನು ಕಟ್ಟಿದರು. ನ್ಯೂ ಆರ್ಲಿಯನ್ಸಿನಲ್ಲಿ ಚಿನ್ನ ಬೆಳ್ಳಿ ಎರಡೂ. ಮೂರೂ 1838ರಲ್ಲಿ ನಾಣ್ಯ ಹೊಡೆಯಲು ಆರಂಭಿಸಿದವು. ಜಾರ್ಜಿಯಾದ ಆ ಚಿನ್ನ ಸಿಕ್ಕಿದ್ದು ಚೆರೋಕೀ ಜನರ ನೆಲದಲ್ಲಿ. ಟಂಕಸಾಲೆ ಬಾಗಿಲು ತೆರೆದ ಅದೇ 1838ರಲ್ಲಿ ಸೈನ್ಯ ಅವರನ್ನು ಊರುಬಿಡಿಸಿ ಪಶ್ಚಿಮಕ್ಕೆ ಅಟ್ಟಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಡಲಾನೆಗದ ನಾಣ್ಯ ಮಾರುವವರ ವಿವರಣೆಯಲ್ಲಿ ಈ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಇರಬೇಕು ಎಂಬುದು ನನ್ನ ಅಭಿಪ್ರಾಯ.

ಡಲಾನೆಗದಲ್ಲಿ 1861ರವರೆಗೆ ಹೊಡೆದ ನಾಣ್ಯಗಳ ಒಟ್ಟು ಮುಖಬೆಲೆ ಸುಮಾರು 60 ಲಕ್ಷ ಡಾಲರ್. ಅಚ್ಚುಗಳು ಫಿಲಡೆಲ್ಫಿಯಾದಿಂದ ಬರಬೇಕು, ಸವೆದವೆಂದು ಎಸೆಯುವ ಹಾಗಿಲ್ಲ. ಆದ್ದರಿಂದ ಒರಟು ಕೆಲಸ, ಆ ಒರಟುತನವೇ ಗುರುತು. ಅಲ್ಲಿನ ಚಿನ್ನದಲ್ಲಿ ಸಹಜವಾಗಿಯೇ ಬೆಳ್ಳಿ ಬೆರೆತಿದ್ದುದರಿಂದ ಹಲವು ನಾಣ್ಯಗಳಿಗೆ ತೆಳು ಹಸಿರು ಛಾಯೆಯಿದೆ. ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ತಾಮ್ರ ಬೆರೆಸಿ ಮಾಡಿದ ನಾಣ್ಯದ ಕೆಂಪನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ಬೇರೆ ಲೋಹಗಳೇನೋ ಎನ್ನಿಸುತ್ತದೆ.

1861ರಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಒಕ್ಕೂಟದವರು ಡಲಾನೆಗವನ್ನು ವಶಪಡಿಸಿಕೊಂಡರು. ಅಲ್ಲಿ ಉಳಿದಿದ್ದ ಚಿನ್ನದಿಂದ, ಇದ್ದ ಅಚ್ಚುಗಳನ್ನೇ ಬಳಸಿ ಒಂದು ಡಾಲರಿನ ನಾಣ್ಯಗಳನ್ನು ಹೊಡೆದರು. ಎಷ್ಟು ಹೊಡೆದರು ಎಂಬುದಕ್ಕೆ ದಾಖಲೆಯೇ ಇಲ್ಲ. 1861, ಡಿ ಅಕ್ಷರ, ಒಂದು ಡಾಲರ್. ತೂಕ 1.67 ಗ್ರಾಂ, ಕಿರುಬೆರಳ ಉಗುರಿನಷ್ಟು. ಅದರ ಮೇಲಿನ ಯುನೈಟೆಡ್ ಎಂಬ ಪದದ ಮೊದಲ ಅಕ್ಷರ ಇದೆಯೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ಹುಡುಕಬೇಕು, ಅಷ್ಟು ಮಸುಕಾಗಿ ಮೂಡಿದೆ. ಅಮೆರಿಕದ ಲಾಂಛನ ಹೊತ್ತ ಈ ನಾಣ್ಯವನ್ನು ಹೊಡೆದವರು ಅಮೆರಿಕದ ವಿರುದ್ಧವೇ ಯುದ್ಧ ಸಾರಿದವರು. ನ್ಯೂ ಆರ್ಲಿಯನ್ಸಿನಲ್ಲಿ ಇನ್ನೂ ವಿಚಿತ್ರ. ಅಲ್ಲಿ 1861ರ ಡಬಲ್ ಈಗಲ್‌ಗಳನ್ನು ಮೊದಲು ಕೇಂದ್ರ ಸರ್ಕಾರ, ಆಮೇಲೆ ಸ್ವತಂತ್ರವಾದ ಲೂಸಿಯಾನ ರಾಜ್ಯ, ಕೊನೆಗೆ ದಕ್ಷಿಣದ ಒಕ್ಕೂಟ, ಹೀಗೆ ಕೆಲವೇ ತಿಂಗಳಲ್ಲಿ ಮೂರು ಆಡಳಿತಗಳು ಹೊಡೆದವು. ಮೂರೂ ಸೇರಿ 17,741.

ಇನ್ನು ಕ್ಯಾಲಿಫೋರ್ನಿಯಾ. 1848ರ ಜನವರಿ 24ರಂದು ಸಟರ್‌ನ ಮರದ ಕಾರ್ಖಾನೆಯ ಕಾಲುವೆಯಲ್ಲಿ ಚಿನ್ನ ಕಂಡ ಕಥೆ ನಿಮಗೆಲ್ಲ ಗೊತ್ತಿರುವುದೇ. ಸ್ಯಾನ್ ಫ್ರಾನ್ಸಿಸ್ಕೋದ ಟಂಕಸಾಲೆ 1854ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. ಚಿನ್ನವನ್ನು ಶುದ್ಧ ಮಾಡಲು ಬೇಕಾದ ಆಮ್ಲಗಳ ಕೊರತೆ. ಚಿನ್ನ ತಂದವರಿಗೂ ಇಪ್ಪತ್ತು ಡಾಲರಿನ ದೊಡ್ಡ ನಾಣ್ಯವೇ ಅನುಕೂಲ. ಹಾಗಾಗಿ ಆ ವರ್ಷ ಡಬಲ್ ಈಗಲ್‌ಗಳನ್ನು ಲಕ್ಷಕ್ಕೂ ಮೀರಿ ಹೊಡೆದರು, ಕ್ವಾರ್ಟರ್ ಈಗಲ್ 246, ಹಾಫ್ ಈಗಲ್ 268. ಈ 268ರಲ್ಲಿ ಒಂದನ್ನಾದರೂ ಎತ್ತಿಡಬೇಕೆಂದು ಆಗ ಯಾರಿಗೂ ತೋಚಲಿಲ್ಲ. ಗಣಿಯ ಕೂಲಿಯಾಗಿ, ಅಂಗಡಿಯ ಬಾಕಿಯಾಗಿ ಕೈಯಿಂದ ಕೈಗೆ ಹೋದವು.

ಬಹಳ ಕಾಲ ಮೂರರ ಗುರುತು ಮಾತ್ರ ಇತ್ತು. ಒಂದು ಸ್ಮಿತ್ಸೋನಿಯನ್‌ನಲ್ಲಿದೆ. ಇನ್ನೊಂದನ್ನು 1967ರಲ್ಲಿ ಡುಪಾಂಟ್ ಮನೆತನದವರೊಬ್ಬರ ಫ್ಲಾರಿಡಾದ ಮನೆಗೆ ನುಗ್ಗಿದ ದರೋಡೆಕೋರರು ಒಯ್ದರು. ಆ ಮನೆಯ ಹಲವು ನಾಣ್ಯಗಳು ಆಮೇಲೆ ಸಿಕ್ಕವು, ಇದು ಸಿಗಲಿಲ್ಲ. 2018ರಲ್ಲಿ ನ್ಯೂ ಇಂಗ್ಲೆಂಡಿನ ಒಬ್ಬ ವ್ಯಕ್ತಿ ತನ್ನ ಬಳಿಯಿದ್ದ ಒಂದನ್ನು ವ್ಯಾಪಾರಿಗಳಿಗೆ ತೋರಿಸಿದ. ಅವರು ನಕಲಿ ಎಂದರು. ಹಾಗೆ ಅಂದದ್ದರಲ್ಲಿ ತಪ್ಪು ಹುಡುಕಲಾರೆ, ಸಾವಿರ ಸಲ ಹಾಗಂದರೆ ಒಂಬೈನೂರ ತೊಂಬತ್ತೊಂಬತ್ತು ಸಲ ನಿಜವಾಗುವ ಮಾತು ಅದು. ಆತ ಬಿಡದೆ ಪರೀಕ್ಷಾ ಸಂಸ್ಥೆ ಎನ್‌ಜಿಸಿಗೆ ಕಳುಹಿಸಿದ. ಅವರು ಸ್ಮಿತ್ಸೋನಿಯನ್ ನಾಣ್ಯದ ಚಿತ್ರಗಳ ಜೊತೆ ಇಟ್ಟು ಹೋಲಿಸಿ, ಅಸಲಿ ಎಂದು ತೀರ್ಮಾನಿಸಿದರು. ಅದೇ ಆಗಸ್ಟಿನಲ್ಲಿ 21 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು.

ಮೂಸೆಯಿಂದ ಚಿನ್ನವನ್ನು ಕಾಪಾಡಿದವುಗಳಲ್ಲಿ ದೊಡ್ಡದು ಸಮುದ್ರ. 1857ರ ಸೆಪ್ಟೆಂಬರಿನಲ್ಲಿ ಎಸ್.ಎಸ್. ಸೆಂಟ್ರಲ್ ಅಮೆರಿಕ ಎಂಬ ಹಡಗು ಪನಾಮಾದಿಂದ ಹವಾನಾ ಮಾರ್ಗವಾಗಿ ನ್ಯೂಯಾರ್ಕಿಗೆ ಹೊರಟಿತ್ತು, ಒಡಲಲ್ಲಿ ಕ್ಯಾಲಿಫೋರ್ನಿಯಾದ ಟನ್ನುಗಟ್ಟಲೆ ಚಿನ್ನ. ಕೆರೊಲಿನಾ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ 12ರಂದು ಮುಳುಗಿತು. ಸುಮಾರು 425 ಜನ ಸತ್ತರು. ನ್ಯೂಯಾರ್ಕಿನ ಬ್ಯಾಂಕುಗಳು ಆಗಲೇ ತತ್ತರಿಸುತ್ತಿದ್ದವು, ಬರಬೇಕಾದ ಚಿನ್ನ ಬಾರದೆ ಭೀತಿ ಇನ್ನಷ್ಟು ಹಬ್ಬಿತು. 1988ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಆ ಹಡಗು ಪತ್ತೆಯಾಯಿತು. ಮೇಲೆ ಬಂದವುಗಳಲ್ಲಿ 1857ರ ಸ್ಯಾನ್ ಫ್ರಾನ್ಸಿಸ್ಕೋ ಡಬಲ್ ಈಗಲ್‌ಗಳೇ ಐದು ಸಾವಿರಕ್ಕೂ ಮೀರಿದ್ದವು. ಬಹುಪಾಲು ಟಂಕಸಾಲೆಯಿಂದ ಈಗ ತಾನೇ ಬಂದಂತಿದ್ದವು, ಚಿನ್ನಕ್ಕೆ ಉಪ್ಪುನೀರು ಏನೂ ಮಾಡುವುದಿಲ್ಲ. ಅದಕ್ಕೂ ಮುಂಚೆ ಆ ದಶಕದ ಡಬಲ್ ಈಗಲ್ ಒಂದನ್ನು ಕಳೆಗುಂದದ ಸ್ಥಿತಿಯಲ್ಲಿ ನೋಡುವುದೇ ಅಪರೂಪವಾಗಿತ್ತು. ಈಗ ಹಣವಿದ್ದರೆ ಯಾವ ವಾರ ಬೇಕಾದರೂ ಸಿಗುತ್ತದೆ, ಚಂದದ ಮರದ ಪೆಟ್ಟಿಗೆಯಲ್ಲಿ, ಕಥೆಯ ಪುಸ್ತಕದ ಸಮೇತ. ಪೆಟ್ಟಿಗೆಗೆ ಎಷ್ಟು ಕೊಡುತ್ತಿದ್ದೀರಿ, ನಾಣ್ಯಕ್ಕೆ ಎಷ್ಟು ಕೊಡುತ್ತಿದ್ದೀರಿ ಎಂದು ಕೊಳ್ಳುವ ಮೊದಲು ಕೂತು ಲೆಕ್ಕ ಹಾಕಿ.

ಕಡೆಯ ಮತ್ತು ಎಲ್ಲಕ್ಕಿಂತ ದೊಡ್ಡ ಕರಗುವಿಕೆ 1933ರದು. ಅಧ್ಯಕ್ಷ ರೂಸ್‌ವೆಲ್ಟ್ ಏಪ್ರಿಲ್ 5ರಂದು ಹೊರಡಿಸಿದ ಆದೇಶದಂತೆ ಜನ ತಮ್ಮ ಚಿನ್ನದ ನಾಣ್ಯಗಳನ್ನು ಬ್ಯಾಂಕಿಗೆ ಒಪ್ಪಿಸಬೇಕಿತ್ತು. ಬೆಲೆ ಔನ್ಸಿಗೆ 20.67 ಡಾಲರ್. ಮುಂದಿನ ವರ್ಷ ಸರ್ಕಾರವೇ ಆ ಬೆಲೆಯನ್ನು 35ಕ್ಕೆ ಏರಿಸಿತು. ಕೊಟ್ಟವರ ಹೊಟ್ಟೆ ಎಷ್ಟು ಉರಿದಿರಬೇಕು! ಆದರೆ ಆದೇಶದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ತಲೆಗೆ ನೂರು ಡಾಲರ್ ಮುಖಬೆಲೆಯಷ್ಟು ಇಟ್ಟುಕೊಳ್ಳಬಹುದು, ಜೊತೆಗೆ ಸಂಗ್ರಾಹಕರ ದೃಷ್ಟಿಯಲ್ಲಿ ವಿಶೇಷ ಬೆಲೆಯುಳ್ಳ ಅಪರೂಪದ ನಾಣ್ಯಗಳಿಗೆ ವಿನಾಯಿತಿ. ಆಗ ಖಜಾನೆಯ ಕಾರ್ಯದರ್ಶಿಯಾಗಿದ್ದ ವಿಲಿಯಂ ವುಡಿನ್ ಸ್ವತಃ ಹೆಸರಾಂತ ನಾಣ್ಯ ಸಂಗ್ರಾಹಕ. ಬಾಲ್ಟಿಮೋರಿನ ಲೂಯಿ ಎಲಿಯಾಸ್‌ಬರ್ಗ್ ಎಂಬ ಹಣಕಾಸಿನ ಉದ್ಯಮಿ ಆ ಕಿಂಡಿಯ ಬೆಲೆ ಚೆನ್ನಾಗಿ ಅರಿತಿದ್ದ. ದೊಡ್ಡ ಮೊತ್ತದಲ್ಲಿ ಚಿನ್ನದ ನಾಣ್ಯ ಇಟ್ಟುಕೊಳ್ಳಲು ಆಗ ಕಾನೂನು ಒಪ್ಪುತ್ತಿದ್ದ ದಾರಿ ನಾಣ್ಯ ಸಂಗ್ರಹ. ಕೊಳ್ಳುತ್ತಾ ಹೋಗಿ 1950ರ ಹೊತ್ತಿಗೆ, ಆಗ ತಿಳಿದಿದ್ದ ಅಮೆರಿಕದ ಎಲ್ಲ ಇಸವಿ, ಎಲ್ಲ ಟಂಕಸಾಲೆಗಳ ನಾಣ್ಯಗಳನ್ನೂ ಸೇರಿಸಿಬಿಟ್ಟ. ಮೊದಲು ಹೇಳಿದ 1822ರ ಮೂರನೆಯ ನಾಣ್ಯ 1982ರಲ್ಲಿ ಹರಾಜಾದದ್ದು ಈ ಸಂಗ್ರಹದಿಂದಲೇ.

ಅಮೆರಿಕದ ಒಳಗಿದ್ದದ್ದು ಹೀಗೆ ಕರಗಿ ಗಟ್ಟಿಗಳಾಯಿತು. ಹೊರಗೆ ಹೋಗಿದ್ದದ್ದು ಉಳಿಯಿತು. ಡಬಲ್ ಈಗಲ್ ದೇಶದೇಶಗಳ ನಡುವಿನ ಸಾಲ ತೀರಿಸುವ ನಾಣ್ಯ, ಅದರ ಮೂಟೆಗಳು ಯುರೋಪಿನ, ದಕ್ಷಿಣ ಅಮೆರಿಕದ ಬ್ಯಾಂಕುಗಳ ನೆಲಮಾಳಿಗೆಯಲ್ಲಿ ಕೂತಿದ್ದವು. ಅಮೆರಿಕ ಕೇಳಿತೆಂದು ಅವರೇಕೆ ಕೊಡುತ್ತಾರೆ? ಎರಡನೆಯ ಮಹಾಯುದ್ಧದ ನಂತರ ಅಲ್ಲಿಂದ ನಾಣ್ಯಗಳು ವಾಪಸು ಬರತೊಡಗಿದವು. ಹಿಂದೊಮ್ಮೆ ಚಿನ್ನವನ್ನು ನುಂಗಿದ್ದ ಯುರೋಪೇ ಈ ಸಲ ಅದನ್ನು ಕಾದಿಟ್ಟು ಕೊಟ್ಟಿತು. ಇನ್ನು ಕೆಲವನ್ನು ನೆಲ ಕಾಯಿತು. 2013ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ದಂಪತಿ ನಾಯಿಯನ್ನು ತಿರುಗಾಡಿಸುವಾಗ ತಮ್ಮದೇ ಜಮೀನಿನಲ್ಲಿ ತುಕ್ಕು ಹಿಡಿದ ಡಬ್ಬ ಕಂಡರು. ಒಟ್ಟು ಎಂಟು ಡಬ್ಬಗಳು, 1,427 ಚಿನ್ನದ ನಾಣ್ಯಗಳು. ಹೂತಿಟ್ಟವರು ಯಾರೆಂದು ಇನ್ನೂ ಗೊತ್ತಿಲ್ಲ.

ಸರಿ, ಈಗ ನಿಮ್ಮ ಕೈಗೊಂದು ನಾಣ್ಯ ಬಂತು ಎನ್ನಿ. ಏನು ನೋಡಬೇಕು?

ಅಂಚಿನಲ್ಲಿ ಹಿಡಿದು, ಒಂದೇ ದೀಪದ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಮೂಲ ಕಳೆ ಉಳಿದ ನಾಣ್ಯದಲ್ಲಿ ಬೆಳಕು ಮೈಮೇಲೆ ಉರುಳುತ್ತಾ ಸಾಗುತ್ತದೆ. ಲಿಬರ್ಟಿ ದೇವಿಯ ಕಣ್ಣಿನ ಮೇಲಿನ ಕೂದಲು, ಕಿರೀಟದ ಅಂಚು, ಹದ್ದಿನ ರೆಕ್ಕೆಯ ತುದಿ, ಇವು ಮೊದಲು ಸವೆಯುವ ಜಾಗಗಳು. ಅಲ್ಲಿ ಮಾತ್ರ ಕಳೆ ಅಳಿದಿದ್ದರೆ ಸ್ವಲ್ಪ ಚಲಾವಣೆಯಾಗಿದೆ ಎಂದರ್ಥ, ಅದು ದೋಷವಲ್ಲ. ಅಕ್ಷರಗಳ ಸಂದಿನಲ್ಲಿ ಕೆಂಪುಮಿಶ್ರಿತ ಕೊಳೆ ಕೂತಿದೆಯೇ? ಸಂತೋಷಪಡಿ, ಯಾರೂ ತೊಳೆದಿಲ್ಲ ಎಂಬುದರ ಗುರುತು ಅದು. ನಾಣ್ಯವೆಲ್ಲ ಒಂದೇ ಸಮನೆ ಬೆಳ್ಳಗೆ ಹೊಳೆಯುತ್ತಿದೆ, ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಹರಿದಿವೆ ಎಂದರೆ ಯಾರೋ ಉಜ್ಜಿ ತೊಳೆದಿದ್ದಾರೆ. ನಮ್ಮಲ್ಲಿ ಒಡವೆಗೆ ಅಂಟುವಾಳದ ನೀರು ಹಾಕಿ ಬ್ರಷ್ಷಿನಿಂದ ಉಜ್ಜುವ ಅಭ್ಯಾಸ ಇದೆಯಲ್ಲ, ಅದನ್ನು ನಾಣ್ಯಕ್ಕೆ ಮಾಡಿದರೆ ಬೆಲೆಯ ಅರ್ಧ ಭಾಗ ನೀರಿನ ಜೊತೆ ಹೋಯಿತೆಂದೇ ತಿಳಿಯಿರಿ.

ಅದೇ ರೀತಿ ಕೊಂಡಿ. ಪವನಿನ ಸರಕ್ಕೆ ಪೋಣಿಸುವಂತೆ ಅಮೆರಿಕದಲ್ಲೂ ಚಿನ್ನದ ನಾಣ್ಯಗಳಿಗೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡರು. 1879 ಮತ್ತು 1880ರಲ್ಲಿ ಅಂತರರಾಷ್ಟ್ರೀಯ ನಾಣ್ಯವಾಗಲೆಂದು ಪ್ರಯೋಗಕ್ಕೆ ಹೊಡೆದ ನಾಲ್ಕು ಡಾಲರಿನ ಸ್ಟೆಲ್ಲಾ ನಾಣ್ಯಗಳು, ಒಟ್ಟು ಇರುವುದೇ ಕೆಲವು ನೂರು, ಅವುಗಳಲ್ಲೂ ಎಷ್ಟೋ ಬೆಸುಗೆಯ ಗಾಯ ಹೊತ್ತಿವೆ. ಕೊಂಡಿ ತೆಗೆಸಿ ಅಂಚನ್ನು ತೀಡಿ ಮಾರುವವರಿದ್ದಾರೆ. ಆದ್ದರಿಂದ ಅಂಚಿನ ಗೆರೆಗಳನ್ನು ಪೂರ್ತಿ ಸುತ್ತು ತಿರುಗಿಸಿ ನೋಡಿ, ಹನ್ನೆರಡು ಗಂಟೆಯ ಜಾಗದಲ್ಲಿ ಎರಡು ಸಲ.

ನಕಲಿಯ ವಿಷಯದಲ್ಲಿ ಒರೆಗಲ್ಲು ನಿಮಗೆ ಸಹಾಯ ಮಾಡುವುದಿಲ್ಲ. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಲೆಬನಾನಿನಿಂದ ಬಂದ ನಕಲಿಗಳಲ್ಲಿ ಚಿನ್ನ ಸರಿಯಾಗಿಯೇ ಇತ್ತು, ತೂಕವೂ ಸರಿ. ಸುಳ್ಳು ಇದ್ದದ್ದು ಅಚ್ಚಿನಲ್ಲಿ. ಅಸಲಿ ನಾಣ್ಯದಿಂದ ಅಚ್ಚು ತೆಗೆದಾಗ ಆ ನಾಣ್ಯದ ಮೇಲಿದ್ದ ಗುಳಿಗಳೂ ಅಚ್ಚಿಗೆ ಇಳಿಯುತ್ತವೆ, ಹೊಡೆದ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಅದೇ ಗುಳಿ ಮೂಡುತ್ತದೆ. ಒಬ್ಬ ನಕಲಿಕಾರನ ಕೊಬ್ಬು ನೋಡಿ: 1882ರ ಮೂರು ಡಾಲರಿನ ನಕಲಿಯಲ್ಲಿ ಲಿಬರ್ಟಿ ಎಂಬ ಪದದ ಆರ್ ಅಕ್ಷರದ ಕುಣಿಕೆಯೊಳಗೆ ಗ್ರೀಕರ ಒಮೇಗಾ ಅಕ್ಷರವನ್ನು ಸಹಿಯಂತೆ ಕೆತ್ತಿದ್ದಾನೆ!

ಹೀಗಾಗಿ ಬೆಲೆಬಾಳುವುದನ್ನು ಪರೀಕ್ಷಾ ಸಂಸ್ಥೆಗಳ ಮೊಹರು ಮಾಡಿದ ಪ್ಲಾಸ್ಟಿಕ್ ಕೋಶದಲ್ಲೇ ಕೊಳ್ಳಿ. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ಒಂದರಿಂದ ಎಪ್ಪತ್ತರವರೆಗಿನ ಅಂಕ, ಅರವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಲಾವಣೆಯಾಗದ್ದು. ಈ ಅಂಕಪದ್ಧತಿಯನ್ನು 1949ರಲ್ಲಿ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿ, ಸಂಸ್ಥೆಯೊಂದರ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಆ ಜಾಗದಲ್ಲಿ ತನ್ನ ಕೀಳುದರ್ಜೆಯವನ್ನು ಇಟ್ಟಿದ್ದ ಎಂಬುದು ಅವನು ಸತ್ತ ಮೇಲೆ ಬಯಲಾಯಿತು. ಅಂಕಪದ್ಧತಿ ಮಾತ್ರ ಉಳಿದುಕೊಂಡಿತು. ಕೋಶಗಳ ನಕಲಿಯೂ ಬಂದಿದೆ, ಕೋಶದ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದ ಚಿತ್ರದೊಡನೆ ಹೋಲಿಸದೆ ಹಣ ಕೊಡಬೇಡಿ.

ಎಲ್ಲಿಂದ ಆರಂಭಿಸಬೇಕು ಎಂದು ಕೆಲವರು ಬರುವಾಗಲೇ ಕೇಳಿದರು. ಸಾಮಾನ್ಯ ಇಸವಿಯ ಡಬಲ್ ಈಗಲ್‌ನಲ್ಲಿ ಸುಮಾರು 30 ಗ್ರಾಂ ಅಪ್ಪಟ ಚಿನ್ನವಿದೆ, ಬೆಲೆ ಹೆಚ್ಚುಕಡಿಮೆ ಚಿನಿವಾರ ಪೇಟೆಯ ಜೊತೆಗೇ ಏರಿಳಿಯುತ್ತದೆ. ಅದು ಚಿನ್ನ ಕೊಳ್ಳುವ ಕೆಲಸ, ಸಂಗ್ರಹವಲ್ಲ. ಅದೇ ವಿನ್ಯಾಸದ ಮೇಲೆ 1870 ಎಂಬ ಇಸವಿ, ಹಿಂಬದಿಯಲ್ಲಿ ನೆವಾಡಾದ ಕಾರ್ಸನ್ ಸಿಟಿಯ ಸಿಸಿ ಗುರುತು ಇದ್ದರೆ ಎಷ್ಟೇ ಸವೆದು ಜಜ್ಜಿಹೋಗಿದ್ದರೂ ಲಕ್ಷಗಟ್ಟಲೆ ಡಾಲರ್. ಹೊಡೆದದ್ದೇ 3,789. ಈ ಎರಡರ ನಡುವೆ ದೊಡ್ಡ ಬಯಲಿದೆ, ನಮ್ಮಂಥವರು ಅಡ್ಡಾಡಬೇಕಾದದ್ದು ಅಲ್ಲಿ. ನನ್ನನ್ನು ಕೇಳಿದರೆ ಸವೆದ, ಆದರೆ ತೊಳೆಯದ ದಕ್ಷಿಣದ ಹಾಫ್ ಈಗಲ್ ಒಂದನ್ನು ಹುಡುಕಿ ಎನ್ನುತ್ತೇನೆ. ಅದೇ ಹಣಕ್ಕೆ ಬರುವ ಫಳಫಳ ಹೊಳೆಯುವ ಫಿಲಡೆಲ್ಫಿಯಾ ನಾಣ್ಯಗಳು ಎರಡಲ್ಲ, ಮೂರು ಸಿಕ್ಕರೂ ಬೇಡ. ಬಿಡ್ ಕೂಗುವ ಮೊದಲು ಅದೇ ಇಸವಿಯ, ಅದೇ ಅಂಕದ ನಾಣ್ಯಗಳು ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋದವು, ವರ್ಷಕ್ಕೆ ಎಷ್ಟು ಸಲ ಮಾರಾಟಕ್ಕೆ ಬಂದವು ಎಂದು ನೋಡಿ. ಎರಡನೆಯ ಅಂಕಿ ನಿಮಗೆ ಹೇಳುವಷ್ಟನ್ನು ಯಾವ ವ್ಯಾಪಾರಿಯೂ ಹೇಳುವುದಿಲ್ಲ.

ಮುಂದಿನ ಮೇಜಿನ ಮೇಲೆ ಎರಡು ಹಾಫ್ ಈಗಲ್ ಇಟ್ಟಿದ್ದೇನೆ. ಒಂದು 1881ರ ಫಿಲಡೆಲ್ಫಿಯಾದ್ದು, ಲಕ್ಷಗಟ್ಟಲೆ ಹೊಡೆದ ಇಸವಿ. ಇನ್ನೊಂದು 1854ರ ಡಲಾನೆಗದ್ದು, ಹದ್ದಿನ ಕೆಳಗೆ ಡಿ ಇದೆ ನೋಡಿ. ಮೊದಲು ಬಣ್ಣ ಹೋಲಿಸಿ, ಆಮೇಲೆ ಇಸವಿ ಓದಿ. ಮುಟ್ಟುವವರು ಕೈ ಒರೆಸಿಕೊಂಡು ಅಂಚಿನಲ್ಲೇ ಹಿಡಿಯಬೇಕು, ಕೆಳಗೆ ಬಟ್ಟೆ ಹಾಸಿದೆ, ಅದರ ಮೇಲೆಯೇ ನೋಡಿ.